ಕ್ಯಾಲೆಂಡರ್ ಹಿಂಬದಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಓದುವುದು ಹೇಗೆ

ನಮ್ಮ ಆಯಿಗೆ ಇಸವಿ ಗೊತ್ತಿರಲಿಲ್ಲ. ಆದರೆ ಊರಿನ ಯಾವ ಸಂಗತಿ ಕೇಳಿದರೂ ಕಾಲ ಹೇಳುತ್ತಿದ್ದಳು. 'ರಜಾಕಾರರ ಹಾವಳಿ ಇದ್ದಾಗ', 'ಪೊಲೀಸ್ ಆಕ್ಷನ್ ಆದ ಮ್ಯಾಲ', 'ದೊಡ್ಡ ಬರ ಬಿದ್ದ ವರ್ಷ', 'ನಿಮ್ಮಪ್ಪನ ಲಗ್ನದ ಹಿಂದಿನ ಜಾತ್ರಿಗೆ'. ನಾನು ಕಲಬುರಗಿಯಲ್ಲಿ ಎಂ.ಎ. ಇಂಗ್ಲಿಷ್‌ಗೆ ಸೇರಿದಾಗ ಎಲಿಝಬೆತನ್, ಜಾಕೋಬಿಯನ್, ರೆಸ್ಟೊರೇಶನ್, ಆಗಸ್ಟನ್ ಅಂತ ಹೆಸರುಗಳನ್ನು ತಲೆ ಮೇಲೆ ಸುರಿದರು. ಆಯಿ ಮಾಡುತ್ತಿದ್ದ ಕೆಲಸವನ್ನೇ ಇವರೂ ಮಾಡಿದ್ದಾರೆ ಅಂತ ಹೊಳೆಯಲು ನನಗೆ ಎರಡು ಸೆಮಿಸ್ಟರ್ ಬೇಕಾಯಿತು.

ಇದನ್ನು ಬರೆಯುತ್ತಿರುವುದು ನನ್ನಂಥವರಿಗೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಹತ್ತನೆಯವರೆಗೆ ಕನ್ನಡ ಮೀಡಿಯಂ ಓದಿ, ಆಮೇಲೆ ಧೈರ್ಯ ಮಾಡಿ ಇಂಗ್ಲಿಷ್ ಆಪ್ಷನಲ್ ತಗೊಂಡವರಿಗೆ, ಕಾಲೇಜು ಮೇಷ್ಟ್ರಾಗಲು ಬೇಕಾದ ಕೆ-ಸೆಟ್ಟೋ ನೆಟ್ಟೋ ಪರೀಕ್ಷೆ ಬರೆಯಲು ಕೂತವರಿಗೆ, ಪರೀಕ್ಷೆಯ ಹಂಗಿಲ್ಲದೆ ಸುಮ್ನೆ ಕುತೂಹಲಕ್ಕೆ ಓದುವವರಿಗೂ.

ಮೊದಲು ಹೆಸರುಗಳ ಹೆದರಿಕೆ ಕಳೆದುಕೊಳ್ಳಿ. ಎಲಿಝಬೆತನ್ ಅಂದರೆ ಎಲಿಝಬೆತ್ ರಾಣಿಯ ಕಾಲ, 1558ರಿಂದ 1603. ಆಮೇಲೆ ಬಂದವನು ಜೇಮ್ಸ್. ಲ್ಯಾಟಿನ್‌ನಲ್ಲಿ ಜೇಮ್ಸ್‌ಗೆ ಜಾಕೋಬಸ್ ಅನ್ನುತ್ತಾರೆ, ಅದಕ್ಕೇ ಜಾಕೋಬಿಯನ್. ಅವನ ಮಗ ಚಾರ್ಲ್ಸ್, ಲ್ಯಾಟಿನ್‌ನಲ್ಲಿ ಕರೋಲಸ್, ಅದಕ್ಕೆ ಕ್ಯಾರೊಲೈನ್. 1649ರಲ್ಲಿ ಚಾರ್ಲ್ಸ್‌ನ ತಲೆ ಕಡಿದರು, 1660ರಲ್ಲಿ ಅವನ ಮಗನನ್ನು ಮತ್ತೆ ಕರೆದು ಪಟ್ಟಕ್ಕೆ ಕೂರಿಸಿದರು, ಅದು ರೆಸ್ಟೊರೇಶನ್. ಆಗಸ್ಟನ್ ಅಂದರೆ ಹದಿನೆಂಟನೇ ಶತಮಾನದ ಮೊದಲರ್ಧ, ರೋಮಿನ ಆಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ಹೋಲಿಸಿ ಇಟ್ಟ ಹೆಸರು. ಇಷ್ಟೇ. ನಿಜಾಮರ ಕಾಲ, ಬರ ಬಿದ್ದ ವರ್ಷ ಅಂದ ಹಾಗೆ. ಇನ್ನೊಂದು ಮಾತು ನೆನಪಿಡಿ, ಈ ಹೆಸರುಗಳಲ್ಲಿ ಬಹಳಷ್ಟು ಆಮೇಲೆ ಬಂದವರು ಇಟ್ಟವು. ಕೀಟ್ಸ್, ಶೆಲ್ಲಿ ತಮ್ಮನ್ನು ತಾವು ರೊಮ್ಯಾಂಟಿಕ್ ಕವಿಗಳು ಅಂತ ಕರೆದುಕೊಳ್ಳಲಿಲ್ಲ. ಶೇಕ್ಸ್‌ಪಿಯರ್‌ನನ್ನು ಎಲ್ಲರೂ ಎಲಿಝಬೆತನ್ ಅಂತಾರೆ, ಆದರೆ 'ಕಿಂಗ್ ಲಿಯರ್', 'ಮ್ಯಾಕ್‌ಬೆತ್', 'ಟೆಂಪೆಸ್ಟ್' ಮೂರೂ ರಾಣಿ ತೀರಿಕೊಂಡ ಮೇಲೆ ಬರೆದವು. ಪರೀಕ್ಷೆಯಲ್ಲಿ ಇಲ್ಲೇ ಕಾಲು ಜಾರುವುದು.

ಈಗ ಕ್ಯಾಲೆಂಡರ್ ವಿಚಾರ.

ಕಿರಾಣಿ ಅಂಗಡಿಯವರೋ ಬಂಗಾರದ ಅಂಗಡಿಯವರೋ ಕೊಟ್ಟ, ಹನ್ನೆರಡು ಹಾಳೆಯ, ಹಿಂಬದಿಯಲ್ಲಿ ರಾಶಿಭವಿಷ್ಯ ಅಚ್ಚಾಗದ ಒಂದು ಹಳೇ ಕ್ಯಾಲೆಂಡರ್ ಹುಡುಕಿ. ಹನ್ನೆರಡು ತಿಂಗಳಿಗೆ ಹನ್ನೆರಡು ಹಾಳೆ, ಒಂಬತ್ತನೇ ಶತಮಾನದಿಂದ ಇಪ್ಪತ್ತನೆಯದರವರೆಗೆ ಸರಿಯಾಗಿ ಹನ್ನೆರಡು ಶತಮಾನ. ಹಾಳೆ ಅಡ್ಡಲಾಗಿ ಇಟ್ಟು ನಡುವೆ ಒಂದು ಗೆರೆ ಎಳೆಯಿರಿ, ಆ ಗೆರೆಯನ್ನು ಹತ್ತು ಭಾಗ ಮಾಡಿ, ಎಲ್ಲ ಹಾಳೆಗಳನ್ನೂ ಗೋಡೆಗೆ ಸಾಲಾಗಿ ಅಂಟಿಸಿ. ಗೆರೆಯ ಮೇಲೆ ನಮ್ಮ ಭಾಗದ ಸಂಗತಿ, ಕೆಳಗೆ ಇಂಗ್ಲೆಂಡಿನ ಪುಸ್ತಕ. ಮೊದಲು ಮೇಲಿನದು ಬರೆಯಿರಿ. ಯಾಕಂದ್ರೆ ಮೇಲಿನದನ್ನು ನೀವು ಬಸ್ ಹತ್ತಿ ಹೋಗಿ ನೋಡಬಹುದು, ಅದು ಮರೆಯುವುದಿಲ್ಲ. ಕೆಳಗಿನದು ಅದರ ಬಾಲ ಹಿಡಿದು ಬರುತ್ತದೆ.

ಮೊದಲ ಹಾಳೆಗೆ ಮಳಖೇಡ. ಸೇಡಂ ತಾಲ್ಲೂಕು, ಕಾಗಿಣಾ ನದಿ ದಂಡೆ, ರಾಷ್ಟ್ರಕೂಟರ ರಾಜಧಾನಿ. ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ 'ಕವಿರಾಜಮಾರ್ಗ' ಬರೆದ, ಕನ್ನಡದಲ್ಲಿ ಕಾವ್ಯ ಹೇಗೆ ಬರೆಯಬೇಕು ಅಂತ. ಗೆರೆಯ ಕೆಳಗೆ ಅದೇ ಶತಮಾನದಲ್ಲಿ ಆಲ್‌ಫ್ರೆಡ್ ಅನ್ನುವ ರಾಜ, 871ರಿಂದ 899ರವರೆಗೆ ಆಳಿದವನು. ನಮ್ಮ ನಾಡಿನಲ್ಲಿ ಲ್ಯಾಟಿನ್ ಬಲ್ಲವರೇ ಉಳಿದಿಲ್ಲ, ಜನ ಓದಲೇಬೇಕಾದ ಪುಸ್ತಕಗಳು ನಮ್ಮ ಮಾತಿಗೆ ಬರಲಿ ಅಂತ ಹಟ ಹಿಡಿದು, ತಾನೂ ಅನುವಾದಕ್ಕೆ ಕೂತ. ಎರಡು ಖಂಡಗಳಲ್ಲಿ ಇಬ್ಬರು ರಾಜರು, ಹೆಚ್ಚು ಕಡಿಮೆ ಒಂದೇ ಕಾಲ, ಒಂದೇ ಚಿಂತೆ. ಆಲ್‌ಫ್ರೆಡ್ ನನಗೆ ಮರೆತದ್ದೇ ಇಲ್ಲ.

ಹತ್ತನೇ ಶತಮಾನದ ಹಾಳೆಯಲ್ಲಿ ಪಂಪ, ಪೊನ್ನ, ರನ್ನ. ಕೆಳಗೆ 'ಬೇವುಲ್ಫ್'. ಕಥೆ ಅದಕ್ಕೂ ಹಳೆಯದು, ಆದರೆ ಉಳಿದಿರುವ ಒಂದೇ ಒಂದು ಹಸ್ತಪ್ರತಿ ಸುಮಾರು 1000ದ್ದು. 1731ರಲ್ಲಿ ಬೆಂಕಿ ಬಿದ್ದು ಅಂಚು ಸುಟ್ಟಿತು, ಆದರೂ ಉಳಿಯಿತು. 3182 ಸಾಲು. ಮೂಲ ಓದಲು ಹೋಗಬೇಡಿ, ಇವತ್ತಿನ ಇಂಗ್ಲಿಷರಿಗೂ ಅದು ಪರಭಾಷೆಯೇ. ಒಂದು ಗದ್ಯಾನುವಾದ ತಗೊಂಡು ಗ್ರೆಂಡೆಲ್ ಅನ್ನುವ ರಾಕ್ಷಸ ಬರುವ ಭಾಗ, ಕೊನೆಗೆ ಮುದಿ ರಾಜ ಡ್ರ್ಯಾಗನ್ ಜೊತೆ ಕಾದಾಡಿ ಸಾಯುವ ಭಾಗ ಓದಿ, ಸಾಕು. ಛಂದಸ್ಸಿನ ಬಗ್ಗೆ ಒಂದು ಸುಳಿವು: ನಮ್ಮ ಹಳೆಗನ್ನಡದಲ್ಲಿ ಪ್ರತಿ ಪಾದದ ಎರಡನೇ ಅಕ್ಷರ ಒಂದೇ ಇರುತ್ತದಲ್ಲ, ಆದಿಪ್ರಾಸ, ಅವರದು ಒಂದೇ ಸಾಲಿನೊಳಗೆ ಒತ್ತಿ ಹೇಳುವ ಪದಗಳ ಮೊದಲ ಸದ್ದು ಒಂದೇ ಇರುತ್ತದೆ. ಕಡೆಯ ಪ್ರಾಸ ಅವರಿಗೂ ಆಗ ಬೇಕಿರಲಿಲ್ಲ.

ಹನ್ನೊಂದನೆಯದರಲ್ಲಿ 1066 ಬರೆದು ಸುತ್ತ ಕೆಂಪು ಗೆರೆ ಹಾಕಿ. ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ ವರ್ಷ. ಇಲ್ಲಿ ಅದಾಗಿ ಹತ್ತು ವರ್ಷಕ್ಕೆ, 1076ರಲ್ಲಿ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ. 1066 ಆದ ಮೇಲೆ ಇಂಗ್ಲೆಂಡಿನಲ್ಲಿ ಏನಾಯಿತು ಅನ್ನುವುದನ್ನು ಪುಸ್ತಕಗಳು ಹತ್ತು ಪುಟ ಹೇಳುತ್ತವೆ. ನಮ್ಮ ಕಡೆಯವರಿಗೆ ಹತ್ತು ಪುಟ ಬೇಡ, ತಹಸೀಲ್ ಆಫೀಸಿಗೆ ಒಮ್ಮೆ ಹೋಗಿ ಬಂದರೆ ಸಾಕು. ಅರ್ಜಿ, ಹುಕುಂ, ವಕೀಲ, ಜಾಮೀನು, ಫಿರ್ಯಾದಿ, ದಸ್ತಾವೇಜು, ತಹಸೀಲ್ದಾರ್. ಎಲ್ಲವೂ ದರ್ಬಾರಿನ ಪಾರ್ಸಿ, ಅರಬ್ಬಿಯಿಂದ ಬಂದವು. ಆದರೆ ಹೊಲ, ಎತ್ತು, ಮಳೆ, ಅವ್ವ ಎಲ್ಲ ನಮ್ಮವೇ ಉಳಿದವು. ಅಲ್ಲೂ ಅದೇ. ಕೋರ್ಟ್, ಜಡ್ಜ್, ಪ್ರಿಸನ್, ಟ್ಯಾಕ್ಸ್ ಫ್ರೆಂಚ್ ದೊರೆಗಳಿಂದ ಬಂದವು, ಫೀಲ್ಡ್, ಆಕ್ಸ್, ರೈನ್, ಮದರ್ ಹಳೇ ಇಂಗ್ಲಿಷಿನವೇ ಉಳಿದವು. ಹೊಲದಲ್ಲಿ ಮೇಯುವಾಗ ಶೀಪ್, ದೊರೆಯ ತಾಟಿಗೆ ಬಂದಾಗ ಮಟನ್. ಕಾಯುವವನು ಒಬ್ಬ, ತಿನ್ನುವವನು ಇನ್ನೊಬ್ಬ, ಹೆಸರೂ ಬೇರೆ ಬೇರೆ. ಆ ಮಟನ್ ಅನ್ನೋ ಮಾತು ಸುತ್ತಿ ಬಳಸಿ ನಮ್ಮ ಕಡೆಗೂ ಬಂತು, ಕುರಿ ಕಾಯುತ್ತೇವೆ, ಮಟನ್ ಉಣ್ಣುತ್ತೇವೆ.

ಹನ್ನೆರಡನೇ ಶತಮಾನದ ಹಾಳೆ ನೋಡಿ ನಿಮಗೇ ಖುಷಿಯಾಗುತ್ತದೆ. ಮೇಲೆ ಜಾಗ ಸಾಲದು: ಬಸವಣ್ಣ, ಅಲ್ಲಮ, ಅಕ್ಕ, ಕಲ್ಯಾಣದ ಅನುಭವ ಮಂಟಪ. ಕೆಳಗೆ ಹೆಚ್ಚು ಕಡಿಮೆ ಖಾಲಿ, ಇಂಗ್ಲೆಂಡಿನ ಪಂಡಿತರು ಲ್ಯಾಟಿನ್‌ನಲ್ಲಿ, ದರ್ಬಾರಿನವರು ಫ್ರೆಂಚ್‌ನಲ್ಲಿ ಬರೆಯುತ್ತಿದ್ದ ಕಾಲ. ಆ ಖಾಲಿ ಜಾಗವನ್ನು ಹಾಗೇ ಬಿಡಿ, ಅದೂ ಚರಿತ್ರೆಯೇ. ಬೀಗಬೇಡಿ, ಮುಂದಿನ ಹಾಳೆಗಳಲ್ಲಿ ಅವರ ಕಡೆಯೂ ತುಂಬುತ್ತದೆ.

ಹದಿನಾಲ್ಕನೆಯದು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರು. ಮರುವರ್ಷ ಇಂಗ್ಲೆಂಡಿಗೆ ಪ್ಲೇಗ್ ಕಾಲಿಟ್ಟಿತು. ಆಗ ಚಿಕ್ಕ ಹುಡುಗನಾಗಿದ್ದ ಜೆಫ್ರಿ ಚಾಸರ್ ಬದುಕಿ ಉಳಿದ, ದೊಡ್ಡವನಾಗಿ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕ ನೋಡಿಕೊಳ್ಳುವ ನೌಕರಿ ಮಾಡಿದ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದೆಯಲ್ಲ, ಅದು ಕಟ್ಟಿದ್ದು 1367ರಲ್ಲಿ. ಅದಾಗಿ ಇಪ್ಪತ್ತು ವರ್ಷಕ್ಕೆ, ಸುಮಾರು 1387ರಲ್ಲಿ, ಚಾಸರ್ 'ಕ್ಯಾಂಟರ್ಬರಿ ಟೇಲ್ಸ್' ಶುರುಮಾಡಿದ. ಮಸೀದಿ ಪೂರ್ತಿಯಾಯಿತು, ಪುಸ್ತಕ ಆಗಲಿಲ್ಲ. ಒಬ್ಬೊಬ್ಬರು ಹೋಗುವಾಗ ಎರಡು, ಬರುವಾಗ ಎರಡು ಕಥೆ ಹೇಳಬೇಕು ಅಂತ ಲೆಕ್ಕ, ನಮಗೆ ಸಿಕ್ಕಿದ್ದು 24 ಮಾತ್ರ.

ಪಂಢರಪುರಕ್ಕೆ ಹೋಗುವ ದಿಂಡಿಯನ್ನು ನೋಡಿದವರಿಗೆ ಈ ಪುಸ್ತಕ ವಿವರಿಸಬೇಕಾಗಿಲ್ಲ. ಯಾತ್ರೆಗೆ ಹೊರಟ ಗುಂಪು, ಅದರಲ್ಲಿ ಎಲ್ಲ ಥರದ ಜನ. ಐದು ಗಂಡಂದಿರನ್ನು ಕಂಡ, ಒಂದು ಕಿವಿ ಮಂದವಾದ, ಹಲ್ಲಿನ ನಡುವೆ ಸಂದಿ ಇರುವ ಬಾಯಿಬಡಕಿ ಹೆಂಗಸು, ಪಾಪ ಕಳೆಯುವ ಚೀಟಿ ಮಾರುವ ಠಕ್ಕ, ಕುಡುಕ ಗಿರಣಿಯವ, ಮಾತೇ ಕಡಿಮೆ ಇರುವ ವಿದ್ಯಾರ್ಥಿ. ನೀವು ಪೂರ್ತಿ ಓದಬೇಡಿ, ಶುರುವಿನ ಪ್ರೊಲೋಗ್‌ನಲ್ಲಿ ನಾಲ್ಕು ಜನರ ಚಿತ್ರ ಓದಿ.

ಓದುವಾಗ ಬಾಯಿ ಬಿಟ್ಟು ಓದಿ, ಅದೂ ಕನ್ನಡ ಓದುವ ಹಾಗೆ, ಬರೆದ ಅಕ್ಷರವನ್ನೆಲ್ಲ ಉಚ್ಚರಿಸಿ. ಶಾಲೆಯಲ್ಲಿ ನಾನು ಚಾಕುವಿಗೆ 'ಕ್ನೈಫ್' ಅಂದಿದ್ದೆ, ಇಡೀ ಕ್ಲಾಸು ನಕ್ಕಿತು, ಒಂದು ವರ್ಷ ಅದೇ ನನ್ನ ಅಡ್ಡಹೆಸರಾಗಿತ್ತು. ಚಾಸರ್ ಇದ್ದಿದ್ದರೆ ನಗುತ್ತಿರಲಿಲ್ಲ, ಅವನ ಕಾಲದಲ್ಲಿ ಆ 'ಕ್' ಸದ್ದು ನಿಜಕ್ಕೂ ಇತ್ತು. ಆಮೇಲಿನ ಎರಡು ಮೂರು ಶತಮಾನಗಳಲ್ಲಿ ಇಂಗ್ಲಿಷರ ಬಾಯಿ ಬದಲಾಯಿತು, ದೀರ್ಘ ಸ್ವರಗಳೆಲ್ಲ ಜಾಗ ಬಿಟ್ಟು ಸರಿದವು, ಅಚ್ಚಿನ ಕಾಗುಣಿತ ಮಾತ್ರ ಹಳೇ ಜಾಗದಲ್ಲೇ ಕೂತಿತು. ಇಂಗ್ಲಿಷ್ ಸ್ಪೆಲ್ಲಿಂಗ್ ಅಂದರೆ ಯಾಕಿಷ್ಟು ಗೋಳು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಅಚ್ಚು ಅಂದೆನಲ್ಲ. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ನೋಡಿದ್ದೀರಿ, ಉಳಿದಿರುವ ಒಂದು ಮಿನಾರಿನ ಮೇಲೆ ಇನ್ನೂ ನೀಲಿ ಹೆಂಚು ಕಾಣುತ್ತವೆ. ಅದು 1472. ನಾಲ್ಕು ವರ್ಷಕ್ಕೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಹತ್ತಿರದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚಿನ ಮನೆ ಹಾಕಿದ. ಅವನು ಮೊದಮೊದಲು ಅಚ್ಚು ಹಾಕಿದ ದೊಡ್ಡ ಪುಸ್ತಕಗಳಲ್ಲಿ ಚಾಸರನದೂ ಒಂದು.

ಶೇಕ್ಸ್‌ಪಿಯರ್ ಹುಟ್ಟಿದ್ದು 1564ರ ಏಪ್ರಿಲ್. ತಾಳಿಕೋಟೆ ಯುದ್ಧ, ಅದೇ ರಕ್ಕಸಗಿ ತಂಗಡಗಿ, 1565ರ ಜನವರಿ. ವಿಜಯನಗರ ಮುರಿದು ಬೀಳುವಾಗ ಅವನು ಒಂಬತ್ತು ತಿಂಗಳ ಕೂಸು. ತೀರಿಕೊಂಡದ್ದು 1616. ಅವನ ಮೇಲೆ ಜಾಸ್ತಿ ಹೇಳುವವರು ಬಹಳ ಜನ ಇದ್ದಾರೆ, ನಾನು ಓದುವ ಕ್ರಮ ಮಾತ್ರ ಹೇಳುತ್ತೇನೆ. 'ಹ್ಯಾಮ್ಲೆಟ್'ನಿಂದ ಶುರು ಮಾಡಬೇಡಿ, ಅದು ಬಹಳ ಉದ್ದ. 'ಮ್ಯಾಕ್‌ಬೆತ್' ತಗೊಳ್ಳಿ, ಅವನ ದುರಂತಗಳಲ್ಲೆಲ್ಲ ಚಿಕ್ಕದು. ಮೊದಲು ಕನ್ನಡದಲ್ಲಿ ಓದಿ, ಡಿ.ವಿ.ಜಿ. ಮಾಡಿದ ಅನುವಾದ ಇದೆ. ಆಮೇಲೆ ಯಾವುದಾದರೂ ಪ್ರದರ್ಶನದ ವಿಡಿಯೋ ನೋಡಿ, ಮೂರನೆಯದಾಗಿ ಮೂಲ. ಅಡಿಟಿಪ್ಪಣಿ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳಬೇಡಿ. ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಗ್ಲೋಬ್ ನಾಟಕಶಾಲೆ ಕಣ್ಣಿಗೆ ಕಟ್ಟುತ್ತದೆ: ಬಯಲು ಮಾಳಿಗೆ, ಒಂದು ಪೆನ್ನಿ ಕೊಟ್ಟು ನಿಂತು ನೋಡುವ ಜನ, ಗಂಡು ಹುಡುಗರೇ ಹೆಣ್ಣು ವೇಷ. ವ್ಯತ್ಯಾಸ ಇಷ್ಟೇ, ನಮ್ಮದು ರಾತ್ರಿ, ಅವರದು ಮಧ್ಯಾಹ್ನ. ಅವನು ಸತ್ತು ಏಳು ವರ್ಷಕ್ಕೆ, 1623ರಲ್ಲಿ, ಜೊತೆಗಿದ್ದ ಇಬ್ಬರು ನಟರು 36 ನಾಟಕ ಸೇರಿಸಿ ಅಚ್ಚು ಹಾಕಿಸಿದರು. ಅದರಲ್ಲಿ ಅರ್ಧದಷ್ಟು ಅದಕ್ಕಿಂತ ಮೊದಲು ಅಚ್ಚಾಗಿಯೇ ಇರಲಿಲ್ಲ. ಆ ಗೆಳೆಯರು ಮೈಗಳ್ಳರಾಗಿದ್ದರೆ 'ಮ್ಯಾಕ್‌ಬೆತ್' ನಮಗೆ ಸಿಗುತ್ತಿತ್ತೋ ಇಲ್ಲವೋ.

ಹದಿನೇಳನೆಯದರಲ್ಲಿ ಎರಡೇ ಹೆಸರು ಹಿಡಿಯಿರಿ, ಡನ್ ಮತ್ತು ಮಿಲ್ಟನ್. ಅಲ್ಲಮನ ಬೆಡಗಿನ ವಚನ ಬಿಡಿಸಿ ಕೂತವರಿಗೆ ಜಾನ್ ಡನ್ ಕಷ್ಟ ಆಗಬಾರದು. ಅಗಲುವ ಗಂಡ ಹೆಂಡತಿಯನ್ನು ಗಣಿತದ ಕೈವಾರಕ್ಕೆ ಹೋಲಿಸುತ್ತಾನೆ, ಒಂದು ಕಾಲು ನಡುವೆ ನಿಲ್ಲುತ್ತದೆ, ಇನ್ನೊಂದು ಸುತ್ತಿ ಮನೆಗೆ ಬರುತ್ತದೆ. ಮಿಲ್ಟನ್ ಕಣ್ಣು ಕಳಕೊಂಡ ಮೇಲೆ ಬಾಯಲ್ಲಿ ಹೇಳಿ ಬರೆಸಿದ್ದು 'ಪ್ಯಾರಡೈಸ್ ಲಾಸ್ಟ್', 1667ರದು, ಅವನ ಕೈಗೆ ಮೊದಲು ಬಂದ ದುಡ್ಡು ಐದು ಪೌಂಡ್. ಅದರಲ್ಲಿ ಸೈತಾನನೇ ನಾಯಕನಾ ಅಂತ ಪ್ರತಿ ಪರೀಕ್ಷೆಯಲ್ಲೂ ಕೇಳುತ್ತಾರೆ. ಪಂಪ 'ಛಲದೊಳ್ ದುರ್ಯೋಧನಂ' ಅಂತ ಬರೆದ ನಾಡಿನವರು ನಾವು, ಕೆಟ್ಟವನು ಅಂತ ಗೊತ್ತಿದ್ದೂ ಅವನ ಛಲಕ್ಕೆ ತಲೆದೂಗುವುದು ನಮಗೆ ಹೊಸದಲ್ಲ. ಆ ಉತ್ತರಕ್ಕೆ ನಾನು ದುರ್ಯೋಧನನನ್ನು ಎಳೆದು ತಂದಿದ್ದೆ, ಒಳ್ಳೇ ಅಂಕ ಬಂದವು. ಮೊದಲ ಎರಡು ಕಾಂಡ ಓದಿದರೆ ಸದ್ಯಕ್ಕೆ ಸಾಕು. ನಡುವೆ 1642ರಿಂದ 1660ರವರೆಗೆ ನಾಟಕಶಾಲೆಗಳಿಗೆ ಬೀಗ, ತೆರೆದ ಮೇಲೆ ಹೆಂಗಸರೇ ಹೆಂಗಸರ ಪಾತ್ರ ಮಾಡತೊಡಗಿದರು. ರೆಸ್ಟೊರೇಶನ್ ಕಾಮಿಡಿಗಳು ನನಗೆ ರುಚಿಸಲಿಲ್ಲ, ನಿಮಗೆ ರುಚಿಸಬಹುದು.

ಹದಿನೆಂಟನೆಯದನ್ನು ಬೇಗ ದಾಟಿ. 1719ರಲ್ಲಿ 'ರಾಬಿನ್‌ಸನ್ ಕ್ರೂಸೋ', 1726ರಲ್ಲಿ 'ಗಲಿವರ್ಸ್ ಟ್ರಾವೆಲ್ಸ್', ಇವೆರಡರ ನಡುವೆ 1724ರಲ್ಲಿ ಮೊದಲ ನಿಜಾಮ ದಖ್ಖನ್ನಿನಲ್ಲಿ ಸ್ವತಂತ್ರನಾದ. 'ಗಲಿವರ್' ಮಕ್ಕಳ ಕಥೆ ಅಂತ ಬಿಡಬೇಡಿ, ನಾಲ್ಕನೇ ಭಾಗ ಓದಿ, ಅಲ್ಲಿ ಕುದುರೆಗಳೇ ವಿವೇಕಿಗಳು, ಮನುಷ್ಯರಂಥವು ಹೊಲಸು ಪ್ರಾಣಿಗಳು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು. ಅದರಲ್ಲಿ ಓಟ್ಸ್ ಅನ್ನುವುದಕ್ಕೆ ಅವನು ಕೊಟ್ಟ ಅರ್ಥದ ತಾತ್ಪರ್ಯ: ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನ ತಿನ್ನುವ ಕಾಳು. ನಮ್ಮ ಜೋಳದ ರೊಟ್ಟಿಯನ್ನು ಕಂಡಿದ್ದರೆ ಏನು ಬರೆಯುತ್ತಿದ್ದನೋ.

ಈ ಜಾನ್ಸನ್‌ನಿಂದ ನನಗೊಂದು ಪೆಟ್ಟು ಬಿದ್ದಿದೆ. ಫಸ್ಟ್ ಸೆಮ್‌ನಲ್ಲಿ ಒಂದು ಗೈಡ್ ಬಾಯಿಪಾಠ ಮಾಡಿದ್ದೆ. ಅದರಲ್ಲಿ ನಿಘಂಟು ಬರೆದವನು ಬೆನ್ ಜಾನ್ಸನ್ ಅಂತ ಅಚ್ಚಾಗಿತ್ತು. ಬೆನ್ ಜಾನ್ಸನ್ ಶೇಕ್ಸ್‌ಪಿಯರ್‌ನ ಗೆಳೆಯ, ನಾಟಕಕಾರ, 1637ರಲ್ಲೇ ತೀರಿಕೊಂಡವನು. ಕ್ಲಾಸಿನ ಅರ್ಧ ಜನ ಅದನ್ನೇ ಬರೆದಿದ್ದೆವು. ಸರ್ ಪೇಪರ್ ಎತ್ತಿ ಹಿಡಿದು, 'ಸತ್ತು ನೂರು ವರ್ಷದ ಮ್ಯಾಲ ಎದ್ದು ಬಂದು ನಿಘಂಟು ಬರದಾನೇನ್ರಿ' ಅಂದರು. ಅವತ್ತೇ ಸಂಜೆ ನಾನು ಮೊದಲ ಕ್ಯಾಲೆಂಡರ್ ಹರಿದದ್ದು.

ಹಾಗಾಗಿ ಗೋಡೆಯ ಮೂಲೆಯಲ್ಲಿ ಅವಳಿ ಹೆಸರುಗಳ ಒಂದು ಚೀಟಿ ಅಂಟಿಸಿಕೊಳ್ಳಿ. ಇಬ್ಬರು ಜಾನ್ಸನ್. ಇಬ್ಬರು ಎಲಿಯಟ್: ಜಾರ್ಜ್ ಎಲಿಯಟ್ ಹೆಂಗಸು, ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್, ಕಾದಂಬರಿಕಾರ್ತಿ, ಟಿ.ಎಸ್. ಎಲಿಯಟ್ ಇಪ್ಪತ್ತನೇ ಶತಮಾನದ ಕವಿ. ಇಬ್ಬರು ಸ್ಯಾಮ್ಯುಯೆಲ್ ಬಟ್ಲರ್, ಇಬ್ಬರಿಗೂ ನಡುವೆ ಇನ್ನೂರು ವರ್ಷ. ಗಂಡ ಹೆಂಡತಿ ಇಬ್ಬರೂ ಬ್ರೌನಿಂಗ್. ಮೂವರು ಬ್ರಾಂಟೆ ಅಕ್ಕತಂಗಿಯರು, 'ಜೇನ್ ಐರ್' ಶಾರ್ಲೆಟ್‌ದು, 'ವುದರಿಂಗ್ ಹೈಟ್ಸ್' ಎಮಿಲಿದು, ಎರಡೂ 1847.

1798ಕ್ಕೆ ಇನ್ನೊಂದು ಕೆಂಪು ಗೆರೆ. ಹೈದರಾಬಾದ್ ನಿಜಾಮ ಕಂಪನಿ ಸರ್ಕಾರದ ಜೊತೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ ವರ್ಷ, ಅಂದರೆ ನಮ್ಮ ಭಾಗ ಇಂಗ್ಲಿಷರ ನೆರಳಿಗೆ ಬಂದದ್ದು. ಅದೇ ವರ್ಷ ವರ್ಡ್ಸ್‌ವರ್ತ್, ಕೋಲ್‌ರಿಜ್ ಇಬ್ಬರೂ ಸೇರಿ 'ಲಿರಿಕಲ್ ಬ್ಯಾಲಡ್ಸ್' ತಂದರು. ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್ ಹೇಳಿದ್ದು, ಕಾವ್ಯಕ್ಕೆ ಜನ ಆಡುವ ಮಾತೇ ಸಾಕು ಅಂತ. ಕಲ್ಯಾಣದ ನೆಲದವರಿಗೆ ಇದೇನು ದೊಡ್ಡ ಸುದ್ದಿ ಅನ್ನಿಸುತ್ತದೆ, ಆದರೆ ಹದಿನೆಂಟನೇ ಶತಮಾನದ ಕವಿ ಅಲೆಕ್ಸಾಂಡರ್ ಪೋಪ್‌ನ ನುಣುಪಾದ ಜೋಡಿಸಾಲುಗಳನ್ನು ಒಂದು ಪುಟ ಓದಿ ಆಮೇಲೆ ಇದಕ್ಕೆ ಬಂದರೆ ಅವರಿಗೆ ಅದು ಯಾಕೆ ದೊಡ್ಡದು ಅಂತ ತಿಳಿಯುತ್ತದೆ.

ಶಾಲೆಯಲ್ಲಿ ಡ್ಯಾಫೊಡಿಲ್ಸ್ ಪದ್ಯ ಎಲ್ಲರೂ ಓದಿದ್ದೇವೆ. ಆ ಹೂ ನಾವ್ಯಾರೂ ನೋಡಿಲ್ಲ, ನಾನು ಕುಸುಬಿ ಹೊಲ ಅಂದುಕೊಂಡು ಓದಿದೆ, ಹಳದಿ ಇದ್ದರೆ ಸಾಕಲ್ಲ. ಈಗ ಒಂದು ಕೆಲಸ ಮಾಡಿ. ಕವಿಯ ತಂಗಿ ಡೊರೊಥಿ 1802ರ ಏಪ್ರಿಲ್ 15ರಂದು ಬರೆದ ದಿನಚರಿ ಹುಡುಕಿ ಓದಿ. ಆ ದಿನ ಅಣ್ಣನ ಜೊತೆ ಅವಳೂ ಇದ್ದಳು, ಹೂ ನೋಡಿದ್ದಳು, ಕಲ್ಲಿಗೆ ತಲೆ ಇಟ್ಟ ಹೂಗಳು, ಗಾಳಿಗೆ ಕುಣಿದ ಹೂಗಳು ಎಲ್ಲ ಬರೆದಿಟ್ಟಳು. ಅಣ್ಣ ಎರಡು ವರ್ಷ ಬಿಟ್ಟು ಪದ್ಯ ಬರೆದ, ಮೊದಲ ಸಾಲಲ್ಲೇ ತಾನು ಒಬ್ಬಂಟಿಯಾಗಿ ಅಲೆದೆ ಅಂದ! ರೊಮ್ಯಾಂಟಿಕ್ ಅಂದರೆ ಏನು ಅಂತ ಹದಿನೈದು ಅಂಕದ ಉತ್ತರ ಬರೆಯಬೇಕಾದರೆ ಈ ಎರಡು ಪುಟ ಪಕ್ಕಪಕ್ಕ ಇಟ್ಟುಕೊಳ್ಳಿ. ಜೊತೆಗಿದ್ದ ತಂಗಿಯನ್ನು ಅಳಿಸಿ 'ನಾನು' ಮಾತ್ರ ಉಳಿಸಿಕೊಳ್ಳುವುದು, ನೋಡಿದ್ದಕ್ಕಿಂತ ನೆನೆದದ್ದು ದೊಡ್ಡದಾಗುವುದು, ಎರಡೂ ಅಲ್ಲಿವೆ.

ಹತ್ತೊಂಬತ್ತನೆಯದಕ್ಕೆ ಹೆಚ್ಚು ಸಮಯ ಕೊಡಿ. ಡಿಕನ್ಸ್ ಅಂದರೆ ಹೆದರಬೇಡಿ, ದಪ್ಪ ಪುಸ್ತಕ ಆಗುವ ಮೊದಲು ಅವು ಧಾರಾವಾಹಿಗಳು. 'ಪಿಕ್‌ವಿಕ್ ಪೇಪರ್ಸ್' 1836ರಿಂದ ತಿಂಗಳಿಗೊಂದು ಕಂತು, ಒಂದು ಶಿಲ್ಲಿಂಗ್. ವಾರಪತ್ರಿಕೆ ಬಂದ ಕೂಡಲೇ ಧಾರಾವಾಹಿಯ ಪುಟಕ್ಕೆ ಹೋಗುತ್ತಿದ್ದ ನಮ್ಮವ್ವನಂಥ ಓದುಗರಿಗೆ ಬರೆದದ್ದು. ನೀವೂ ಹಾಗೇ ದಿನಕ್ಕೆರಡು ಅಧ್ಯಾಯ ಓದಿ, 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಒಂದು ತಿಂಗಳಿಗೆ ಮುಗಿಯುತ್ತದೆ. ಜೇನ್ ಆಸ್ಟಿನ್‌ಳ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್', 1813ರದು, ಹೆಣ್ಣು ನೋಡುವ ಶಾಸ್ತ್ರ ಕಂಡವರಿಗೆ ಅಡಿಟಿಪ್ಪಣಿ ಬೇಡ.

ಈ ಹಾಳೆಯಲ್ಲಿ ಒಂದು ಹೆಸರು ಗೆರೆಯ ಮೇಲೆ ಬರೆಯಬೇಕೋ ಕೆಳಗೆ ಬರೆಯಬೇಕೋ ತಿಳಿಯದೆ ನಾನು ನಡುವೆ, ಸರಿಯಾಗಿ ಗೆರೆಗೆ ತಾಗಿಸಿಯೇ ಬರೆದೆ. ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲಿನಲ್ಲಿ ಹುಟ್ಟಿದವನು, ಹದಿನೈದು ವರ್ಷಕ್ಕೆ ಹಡಗು ಹತ್ತಿ ಬಂದು ನಿಜಾಮರ ಸೇವೆಗೆ ಸೇರಿದ. 1839ರಲ್ಲಿ ಅವನ 'ಕನ್‌ಫೆಶನ್ಸ್ ಆಫ್ ಎ ಥಗ್' ಲಂಡನ್ನಿನಲ್ಲಿ ಭಾರೀ ಓದಿಸಿಕೊಂಡಿತು. ಆಮೇಲೆ 1840ರ ದಶಕದಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಬಂದು, ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಆ ಹುಡುಗ ಅವನನ್ನು 'ಅಪ್ಪಾ' ಅನ್ನುತ್ತಿದ್ದ ಅಂತ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ, ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದ. ಟೇಲರ್ ದೊಡ್ಡ ಲೇಖಕನಾ? ನನ್ನ ಲೆಕ್ಕದಲ್ಲಿ ಅಲ್ಲ, ಅವನ ಪುಸ್ತಕದಲ್ಲಿ ದೊರೆಗಳ ಕಣ್ಣು ಎದ್ದು ಕಾಣುತ್ತದೆ. ಆದರೂ ಒಂದು ಭಾನುವಾರ ಸುರಪುರಕ್ಕೆ ಹೋಗಿ ಆ ಗುಡ್ಡ ಹತ್ತಿ ಬನ್ನಿ. ವಿಕ್ಟೋರಿಯನ್ ಕಾದಂಬರಿ ಅಂದರೆ ಎಲ್ಲೋ ಮಂಜು ಮುಸುಕಿದ ಲಂಡನ್ ಅನ್ನುವ ಭಾವ ಹೋಗುತ್ತದೆ.

ಇಪ್ಪತ್ತನೆಯದಕ್ಕೆ ಬರುವ ಮೊದಲು ಒಂದು ಕೆಂಪು ನೂಲು ತಗೊಳ್ಳಿ. ಒಂದು ತುದಿಯನ್ನು ಚಾಸರನ 1387ಕ್ಕೆ, ಇನ್ನೊಂದನ್ನು 1922ಕ್ಕೆ ಅಂಟಿಸಿ. ಚಾಸರನ ಪುಸ್ತಕ ಶುರುವಾಗುವುದು ಏಪ್ರಿಲ್‌ನಿಂದ. ಸಿಹಿ ಮಳೆ ಬಿತ್ತು, ಬೇರಿಗೆ ನೀರಿಳಿಯಿತು, ಹಕ್ಕಿ ಹಾಡಿದವು, ಜನಕ್ಕೆ ಯಾತ್ರೆಯ ಆಸೆ ಹುಟ್ಟಿತು. 535 ವರ್ಷದ ನಂತರ ಟಿ.ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಶುರುವಾಗುವುದೂ ಏಪ್ರಿಲ್‌ನಿಂದಲೇ, ಆದರೆ ಅವನು ಅದನ್ನು ಎಲ್ಲಕ್ಕಿಂತ ಕ್ರೂರ ತಿಂಗಳು ಅಂತಾನೆ. ನಾನು ಇದನ್ನು ಮೊದಲ ಸಲ ಓದಿದ್ದು ಕಲಬುರಗಿಯ ಏಪ್ರಿಲ್‌ನಲ್ಲಿ, ತಗಡಿನ ಶೀಟಿನ ರೂಮಿನಲ್ಲಿ, ಕರೆಂಟ್ ಹೋಗಿತ್ತು. ಇದರಲ್ಲಿ ವಿಶೇಷ ಏನಿದೆ, ಸರಿಯಾಗೇ ಹೇಳಿದ್ದಾನೆ ಅನ್ನಿಸಿತು. ನನ್ನ ರೂಮ್‌ಮೇಟ್ ಬೀದರಿನವನು, 'ಇಂವ ಇಲ್ಲಿ ಬಂದು ಇದ್ದು ಹೋಗ್ಯಾನೇನ್ಲೇ' ಅಂದ. ಅಲ್ಲಿ ಏಪ್ರಿಲ್ ಅಂದರೆ ವಸಂತ, ಚಿಗುರು. ಅದನ್ನು ಕ್ರೂರ ಅಂದಾಗ ಅಲ್ಲಿನ ಓದುಗ ಬೆಚ್ಚುತ್ತಾನೆ, ನಾವು ತಲೆ ಆಡಿಸುತ್ತೇವೆ. ನಡುವೆ ಏನಾಯಿತು, ಚಿಗುರು ಯಾಕೆ ನೋವಾಯಿತು? ಅದನ್ನು ತಿಳಿಯಲು ಆ ನೂಲಿನ ನಡುವೆ 1914ರಿಂದ 1918ರ ಯುದ್ಧ ಬರೆಯಿರಿ. ವಿಲ್‌ಫ್ರೆಡ್ ಓವೆನ್ ಅನ್ನುವ ಇಪ್ಪತ್ತೈದು ವರ್ಷದ ಕವಿ ಯುದ್ಧ ನಿಲ್ಲಲು ಒಂದು ವಾರ ಇರುವಾಗ, 1918ರ ನವೆಂಬರ್ 4ರಂದು ಗುಂಡಿಗೆ ಬಿದ್ದ. ಆ ವರ್ಷ ನಮ್ಮ ಕಡೆಯ ಗುರುತು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಉರ್ದು ಮಾಧ್ಯಮ, ನಮ್ಮ ಮುತ್ಯಾನ ಕಾಲದ ಓದಿದವರೆಲ್ಲ ಉರ್ದು ಬಲ್ಲವರಾದದ್ದು ಅದೇ ರಾಜ್ಯದಲ್ಲಿ.

'ವೇಸ್ಟ್ ಲ್ಯಾಂಡ್' 434 ಸಾಲು, ಅರ್ಥ ಆಗಲಿಲ್ಲ ಅಂತ ಬೇಸರ ಬೇಡ, ಯಾರಿಗೂ ಒಂದೇ ಸಲಕ್ಕೆ ಆಗುವುದಿಲ್ಲ. ಕೊನೆಯಿಂದ ಓದಿ ನೋಡಿ, ಅಲ್ಲಿ ದತ್ತ, ದಯಧ್ವಂ, ದಮ್ಯತ, ಶಾಂತಿಃ ಅಂತ ಉಪನಿಷತ್ತೇ ಸಿಗುತ್ತದೆ, ಹಿಡಿದುಕೊಳ್ಳಲು ಒಂದು ಕಂಬ. ಅದೇ 1922ರಲ್ಲಿ ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್'. 1925ರಲ್ಲಿ ವರ್ಜೀನಿಯಾ ವುಲ್ಫ್‌ಳ 'ಮಿಸೆಸ್ ಡಾಲೊವೇ', ಇಡೀ ಕಾದಂಬರಿ ಒಂದೇ ದಿನದ್ದು. 1948ರಲ್ಲಿ ನಮ್ಮಲ್ಲಿ ಪೊಲೀಸ್ ಆಕ್ಷನ್, ಆ ವರ್ಷ ಎಲಿಯಟ್‌ಗೆ ನೊಬೆಲ್, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 'ನೈಂಟೀನ್ ಎಯ್ಟಿ-ಫೋರ್' ಬರೆದು ಮುಗಿಸಿದ, ಅಚ್ಚಾದದ್ದು 1949. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ, ಮರುವರ್ಷ ಸಲ್ಮಾನ್ ರಶ್ದಿಯ 'ಮಿಡ್‌ನೈಟ್ಸ್ ಚಿಲ್ಡ್ರನ್'. ಇಲ್ಲಿಗೆ ಬರುವಾಗ ಇಂಗ್ಲಿಷ್ ಸಾಹಿತ್ಯ ಇಂಗ್ಲೆಂಡಿನದಷ್ಟೇ ಅಲ್ಲ.

ಕನ್ನಡ ಸಾಹಿತ್ಯ ಓದಿ ಬಂದವರಿಗೆ ಒಂದು ಅಡ್ಡದಾರಿ ಇದೆ. ನವೋದಯ ಗೊತ್ತಿದ್ದರೆ ರೊಮ್ಯಾಂಟಿಕ್ ಅರ್ಧ ಗೊತ್ತು, ಅಡಿಗರನ್ನು ಓದಿದ್ದರೆ ಎಲಿಯಟ್ ಅರ್ಧ ಗೊತ್ತು. ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದ 'ಕರುಣಾಳು ಬಾ ಬೆಳಕೆ' ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದದ್ದು, ಬಿ.ಎಂ.ಶ್ರೀ ಕನ್ನಡಕ್ಕೆ ತಂದದ್ದು. ಕುವೆಂಪು ಅವರ 'ರಕ್ತಾಕ್ಷಿ' ಓದಿ 'ಹ್ಯಾಮ್ಲೆಟ್'ಗೆ ಹೋಗಿ, 'ಬಿರುಗಾಳಿ' ಓದಿ 'ಟೆಂಪೆಸ್ಟ್'ಗೆ ಹೋಗಿ. ನಾಚಿಕೆ ಬೇಡ.

ಪುಸ್ತಕಕ್ಕೆ ದುಡ್ಡು ಬೇಕಿಲ್ಲ. ಹಳೆಯ ಪುಸ್ತಕಗಳೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಕೇಳುವುದಾದರೆ ಲಿಬ್ರಿವಾಕ್ಸ್. ನಾನು ಕಲಬುರಗಿಯಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಅರ್ಧ ಡಿಕನ್ಸ್ ಕೇಳಿ ಮುಗಿಸಿದ್ದೇನೆ. ದಪ್ಪ ಚರಿತ್ರೆಯ ಪುಸ್ತಕ ಒಂದು ಇರಲಿ, ಆದರೆ ಹಾಳೆ ತುಂಬಿದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ನಿದ್ದೆ ಬರುತ್ತದೆ.

ಪರೀಕ್ಷೆ ಬರೆಯುವವರಿಗೆ: ಕಾಲಕ್ರಮದಲ್ಲಿ ಜೋಡಿಸಿ ಅನ್ನುವ ಪ್ರಶ್ನೆಗೆ ಎಲ್ಲ ಇಸವಿ ಬೇಡ, 1066, 1476, 1623, 1660, 1798, 1837 (ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ವರ್ಷ), 1922 ಈ ಏಳು ಮೊಳೆ ಗಟ್ಟಿ ಹೊಡೆದುಕೊಳ್ಳಿ, ಉಳಿದದ್ದನ್ನು ಹಿಂದೆ ಮುಂದೆ ನೇತುಹಾಕಬಹುದು. ದೊಡ್ಡ ಉತ್ತರದಲ್ಲಿ ಮೊದಲ ಪುಟ ಪೂರ್ತಿ 'ಆ ಕಾಲದ ಸಾಮಾಜಿಕ ಹಿನ್ನೆಲೆ' ಅಂತ ನೀರು ಸೇರಿಸಬೇಡಿ. ಎರಡು ಪುಸ್ತಕ ಹಿಡಿದು, ಪ್ರತಿಯೊಂದರಿಂದ ನೀವೇ ಓದಿದ ಒಂದು ವಿವರ ಹಾಕಿ. ಚಾಸರನ ಹೆಂಗಸಿನ ಹಲ್ಲಿನ ಸಂದಿ ಬರೆದವನು ಪುಸ್ತಕ ತೆರೆದಿದ್ದಾನೆ ಅಂತ ತಿದ್ದುವವರಿಗೆ ಗೊತ್ತಾಗುತ್ತದೆ.

ಕೊನೆಗೆ ಗೋಡೆಯ ವಿಚಾರ. ಹಾಳೆ ಅಂಟಿಸಲು ಟೇಪ್ ತಗೊಳ್ಳಿ, ದುಡ್ಡು ಉಳಿಸಲು ಹೋಗಿ ಮೈದಾ ಕುದಿಸಿ ಹಚ್ಚಬೇಡಿ. ನಾನು ಹಚ್ಚಿದ್ದೆ. ಒಂದು ಮಳೆಗಾಲದಲ್ಲಿ ಜಿರಳೆಗಳು ಹದಿನೈದನೇ ಶತಮಾನವನ್ನು ಪೂರ್ತಿ ತಿಂದು ಹಾಕಿದವು, ಗವಾನ್, ಕ್ಯಾಕ್ಸ್‌ಟನ್ ಇಬ್ಬರನ್ನೂ ಮತ್ತೆ ಬರೆಯಬೇಕಾಯಿತು.